ನಿಲ್ಲದ ಮನಸ್ಸಿನ ಮಕ್ಕಳೂ ಮನೆಯ ಮದ್ದುಗಳೂ

ನಮ್ಮ ಶಾಲೆಯ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ವರ್ಷದ ವರದಿಯಲ್ಲದೆ ಬೇರೊಂದು ಲೇಖನವನ್ನೂ ಬರೆಯತಕ್ಕದ್ದೆಂಬುದು ವಾಡಿಕೆಯಾಗಿ ನಡೆದುಬಂದಿದೆ. ಈ ಸಲ ವಿಷಯಕ್ಕಾಗಿ ನಾನು ಬಹಳ ಹುಡುಕಬೇಕಾಗಲಿಲ್ಲ. ಕೆಲವು ವರ್ಷಗಳಿಂದ ತಾಯಿತಂದೆಗಳು ನನ್ನ ಕೊಠಡಿಗೆ ಬಂದು ಪದೇ ಪದೇ ಕೇಳುತ್ತಿರುವ ಪ್ರಶ್ನೆಯೊಂದುಂಟು. “ಅಮ್ಮಾವರೇ, ನಮ್ಮ ಹುಡುಗಿಗೆ ಓದಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ಇದಕ್ಕೆ ಸೊಪ್ಪಿನ ರಸ ಕೊಡಬಹುದೇ? ಡಾಕ್ಟರ ಮಾತ್ರೆಗಿಂತ ನಮ್ಮ ನಾಟಿ ಮದ್ದೇ ಒಳ್ಳೆಯದಲ್ಲವೇ?” ಊರ್ಡಿಗೆರೆಯ ಕಡೆಯಿಂದ ಬರುವ ರೈತಾಪಿ ಜನರೂ ಈ ಪ್ರಶ್ನೆಯನ್ನು ಕೇಳುತ್ತಾರೆ, ತುಮಕೂರು ಪೇಟೆಯ ವ್ಯಾಪಾರಸ್ಥರೂ ಕೇಳುತ್ತಾರೆ, ಕಾಲೇಜಿನಲ್ಲಿ ಪಾಠ ಹೇಳುವವರೂ ಕೇಳುತ್ತಾರೆ. ನಾನು ವೈದ್ಯಳಲ್ಲ, ಉಪಾಧ್ಯಾಯಿನಿ. ಆದರೆ ಇಪ್ಪತ್ತು ವರ್ಷಗಳಿಗೂ ಮೀರಿ ಮಕ್ಕಳ ಮುಂದೆ ನಿಂತವಳಾದುದರಿಂದಲೂ, ಬಲ್ಲವರು ಪರೀಕ್ಷಿಸಿ ಬರೆದುದನ್ನು ಓದಿ ತಿಳಿಯುವುದು ನನ್ನ ಕರ್ತವ್ಯವೆಂದು ಭಾವಿಸಿರುವುದರಿಂದಲೂ, ತಿಳಿದಷ್ಟನ್ನು ತಮ್ಮ ಮುಂದೆ ಅರಿಕೆಮಾಡಿಕೊಳ್ಳುತ್ತೇನೆ.

ಮೊದಲು ಈ ತೊಂದರೆ ಎಂತಹುದೆಂಬುದನ್ನು ತಿಳಿಯೋಣ. ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎಂದು ಕರೆಯುತ್ತಾರೆ, ಗಮನದ ಕೊರತೆ, ಮಿತಿಮೀರಿದ ಚಟುವಟಿಕೆ ಎಂದು ಅದರ ಅರ್ಥ. ಇದು ಮೊಬೈಲ್ ಫೋನಿನ ಕಾಲದಲ್ಲಿ ಹುಟ್ಟಿದ ಹೊಸ ರೋಗವೆಂದು ಹಲವರು ಎಣಿಸಿದ್ದಾರೆ. ಅದು ಸರಿಯಲ್ಲ. ಸ್ಕಾಟ್ಲೆಂಡಿನ ಅಲೆಗ್ಸಾಂಡರ್ ಕ್ರೈಟನ್ ಎಂಬ ವೈದ್ಯನು 1798ರಲ್ಲಿಯೇ ಗಮನ ನಿಲ್ಲದ ಮನಸ್ಸನ್ನು ಕುರಿತು ಬರೆದಿದ್ದನು. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ಹಿಡಿದಿಟ್ಟುಕೊಳ್ಳಲಾರದ ಮಕ್ಕಳನ್ನು ವರ್ಣಿಸಿ ಉಪನ್ಯಾಸಗಳನ್ನು ಕೊಟ್ಟನು. ಜಗತ್ತಿನ ಹಲವು ದೇಶಗಳ ಲೆಕ್ಕಗಳನ್ನು ಒಟ್ಟುಗೂಡಿಸಿದವರು ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಈ ತೊಂದರೆಯಿರುವುದಾಗಿ ಹೇಳುತ್ತಾರೆ. ಹಾಗಾದರೆ ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರು ಇರಬಹುದೆಂದಾಯಿತು. ಇದು ಬಹುಮಟ್ಟಿಗೆ ವಂಶದಲ್ಲಿ ಬರತಕ್ಕದ್ದು. ತಾಯಿಯ ಮುದ್ದಿನಿಂದ ಬಂದುದಲ್ಲ, ಜಾತಕದ ದೋಷದಿಂದ ಬಂದುದಲ್ಲ, ಮಗುವಿನ ಹಟದಿಂದಲೂ ಬಂದುದಲ್ಲ.

ಒಂದು ದಿನ ಚೇಷ್ಟೆ ಮಾಡಿದ ಮಗುವಿಗೆ ಈ ಹೆಸರನ್ನು ಅಂಟಿಸಬಾರದು. ಲಕ್ಷಣಗಳು ಆರು ತಿಂಗಳಾದರೂ ಬಿಡದೆ ಇರಬೇಕು; ಹನ್ನೆರಡು ವಯಸ್ಸಿಗೆ ಮುಂಚೆಯೇ ತೋರಿರಬೇಕು; ಮನೆಯಲ್ಲಿಯೂ ಶಾಲೆಯಲ್ಲಿಯೂ, ಎಂದರೆ ಎರಡು ಕಡೆಗಳಲ್ಲಾದರೂ, ಕಾಣಿಸಬೇಕು; ಮಗುವಿನ ಓದಿಗೂ ಒಡನಾಟಕ್ಕೂ ಅವುಗಳಿಂದ ನಿಜವಾಗಿ ಅಡ್ಡಿಯಾಗಿರಬೇಕು. ಇವೆಲ್ಲವನ್ನೂ ನೋಡಿಯೇ ವೈದ್ಯರು ನಿರ್ಣಯಿಸುತ್ತಾರೆ. ರಕ್ತಪರೀಕ್ಷೆಯೊಂದರಿಂದ ಇದನ್ನು ಗೊತ್ತುಮಾಡಲಾಗದು.

ಹೆಣ್ಣುಮಕ್ಕಳ ಶಾಲೆಯವಳಾಗಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬೆಂಚಿನ ಮೇಲೆ ಕುಣಿಯುವ ಹುಡುಗನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಕಿಟಕಿಯ ಹೊರಗೆ ನೋಡುತ್ತ ಸದ್ದಿಲ್ಲದೆ ಕುಳಿತ ಹುಡುಗಿಯು ಯಾರ ಕಣ್ಣಿಗೂ ಬೀಳುವುದಿಲ್ಲ. ಆಕೆ ಜಾಮಿತಿಯ ಪೆಟ್ಟಿಗೆಯನ್ನು ವಾರಕ್ಕೆರಡು ಸಲ ಕಳೆದುಕೊಳ್ಳುತ್ತಾಳೆ, ಲೆಕ್ಕವನ್ನು ಅರ್ಧ ಮಾಡಿ ಮುಂದಿನ ಲೆಕ್ಕಕ್ಕೆ ಹೋಗುತ್ತಾಳೆ, ಕರೆದರೆ ಬೆಚ್ಚುತ್ತಾಳೆ. ಆಕೆಯನ್ನು ಮಂಕು ಎಂದೋ ಸೋಮಾರಿ ಎಂದೋ ಕರೆದುಬಿಡುತ್ತೇವೆ. ಹೆಣ್ಣುಮಕ್ಕಳಲ್ಲಿ ಈ ತೊಂದರೆ ಬಹುಕಾಲ ಗುರುತಿಗೆ ಬಾರದೆ ಉಳಿಯುವುದು ಇದೇ ಕಾರಣದಿಂದ.

ಇನ್ನು ಮದ್ದಿನ ವಿಚಾರ. ನಮ್ಮ ಸೀಮೆಯ ಜನರಿಗೆ ಗಿಡಮೂಲಿಕೆಯಲ್ಲಿ ನಂಬಿಕೆ ಹೆಚ್ಚಾಗಿರುವುದು ಸಹಜವೇ ಸರಿ. ಒಂದು ಕಡೆ ದೇವರಾಯನದುರ್ಗದ ಕಾಡು. ಇನ್ನೊಂದು ಕಡೆ ಕೊರಟಗೆರೆ ಸೀಮೆಯ ಸಿದ್ಧರಬೆಟ್ಟ, ಅದರ ಮೂಲಿಕೆಗಳ ಹೆಸರನ್ನು ಕೇಳದವರು ಜಿಲ್ಲೆಯಲ್ಲಿಲ್ಲ. ಅಜ್ಜಿಯ ಕಾಲದಿಂದ ಬಂದುದನ್ನೆಲ್ಲ ಮೂಢತನವೆಂದು ತಳ್ಳಿಬಿಡುವುದು ನನ್ನ ಮತವಲ್ಲ. ಆದರೆ ಗಿಡದಿಂದ ಬಂದುದೆಲ್ಲ ನಿರಪಾಯವೆಂದು ಹೇಳುವವರಿಗೆ ಹೊಲದ ಬದುವಿನಲ್ಲಿ ಬೆಳೆಯುವ ಉಮ್ಮತ್ತಿಯನ್ನು ತೋರಿಸಬೇಕು. ಅದೂ ಗಿಡವೇ, ಅದರ ಬೀಜವೂ ಸ್ವಾಭಾವಿಕವಾದುದೇ. ಆದುದರಿಂದ ಮದ್ದು ಎಲ್ಲಿಂದ ಬಂತೆಂಬುದನ್ನು ಬಿಟ್ಟು, ಅದರಿಂದ ಗುಣವುಂಟೇ, ಹಾನಿಯುಂಟೇ, ಅದನ್ನು ನಂಬಿದುದರಿಂದ ಕಳೆದುಹೋಗುವ ಕಾಲವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು.

ಮೊದಲನೆಯದು ಬ್ರಾಹ್ಮಿ. ಈ ಹೆಸರಿನಲ್ಲಿಯೇ ಒಂದು ತೊಡಕುಂಟು. ನಮ್ಮ ಮನೆಗಳಲ್ಲಿ ತಂಬುಳಿಗೂ ಚಟ್ನಿಗೂ ಬಳಸುವ, ದುಂಡಗಿನ ಎಲೆಯ ಒಂದೆಲಗವನ್ನು ಅನೇಕರು ಬ್ರಾಹ್ಮಿಯೆನ್ನುತ್ತಾರೆ. ನೀರಿನ ಪಸೆಯಿರುವಲ್ಲಿ ಬೆಳೆಯುವ, ಚಿಕ್ಕ ದಪ್ಪ ಎಲೆಯ ನೀರುಬ್ರಾಹ್ಮಿ ಬೇರೆ ಗಿಡ. ವಿಜ್ಞಾನಿಗಳು ಜ್ಞಾಪಕಶಕ್ತಿಗಾಗಿ ಹೆಚ್ಚಾಗಿ ಪರೀಕ್ಷಿಸಿರುವುದು ಈ ಎರಡನೆಯದನ್ನು. ಲಖನೌದಲ್ಲಿರುವ ಕೇಂದ್ರ ಔಷಧ ಸಂಶೋಧನಾಲಯದ ಹೆಸರಿನಿಂದ ಗುರುತಿಸಲ್ಪಡುವ ನೀರುಬ್ರಾಹ್ಮಿಯ ಸಾರವನ್ನು ಆಸ್ಟ್ರೇಲಿಯಾದಲ್ಲಿ 6ರಿಂದ 14 ವರ್ಷದ ಚಂಚಲ ಮಕ್ಕಳಿಗೆ 14 ವಾರ ಕೊಟ್ಟು ನೋಡಿದರು. ಫಲವು 2022ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಮದ್ದನ್ನೂ ಉಳಿದವರಿಗೆ ಮದ್ದಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟು, ಯಾರಿಗೆ ಯಾವುದೆಂಬುದನ್ನು ಮನೆಯವರಿಗೆ ತಿಳಿಸಿರಲಿಲ್ಲ. ಚಂಚಲತೆಯಲ್ಲಾಗಲಿ ಗಮನದ ಕೊರತೆಯಲ್ಲಾಗಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಕೆಲವು ಚಿಕ್ಕ ಮಾನಸಿಕ ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಅನುಕೂಲ ಕಂಡಿತು. ಆ ಪರೀಕ್ಷೆಗೆ ತೆಗೆದುಕೊಂಡ ಮಕ್ಕಳೆಲ್ಲರೂ ಗಂಡುಮಕ್ಕಳೆಂಬುದನ್ನು ನಮ್ಮ ತಾಯಂದಿರು ಗಮನಿಸಬೇಕು. ಸಾರಾಂಶವೇನೆಂದರೆ, ಒಂದೆಲಗದ ತಂಬುಳಿಯು ಒಳ್ಳೆಯ ಊಟ, ಮಾಡಿ ಬಡಿಸಿರಿ. ಅದನ್ನೇ ಚಿಕಿತ್ಸೆಯೆಂದು ನಂಬಿ ಕುಳಿತಿರಬೇಡಿರಿ.

ಎರಡನೆಯದು, ಹೆಸರಿಲ್ಲದ ಪುಡಿಗಳೂ ಭಸ್ಮ ಬೆರೆಸಿದ ಗುಳಿಗೆಗಳೂ. ಇವುಗಳ ವಿಷಯದಲ್ಲಿ ಮೃದುವಾಗಿ ಮಾತಾಡಲು ನನ್ನಿಂದಾಗದು. 2004ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸುತ್ತಲಿನ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಪದಾರ್ಥಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ, ಶಂಖಪಾಷಾಣ ಇವುಗಳಲ್ಲಿ ಒಂದಾದರೂ ಇತ್ತು. ಎಂದರೆ ಐದರಲ್ಲಿ ಒಂದು. ಸೀಸವು ಮಕ್ಕಳ ಮಿದುಳಿಗೆ ವಿಷ. ಮಗುವಿನ ಗಮನವನ್ನೂ ಬುದ್ಧಿಯನ್ನೂ ಕುಗ್ಗಿಸುವುದೇ ಅದರ ಕೆಲಸ. ಈ ಕಾರಣದಿಂದಲೇ ನಮ್ಮ ದೇಶದಲ್ಲಿ 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲನ್ನು ನಿಲ್ಲಿಸಿದರು. ಗಮನ ಹೆಚ್ಚಲೆಂದು ಕೊಟ್ಟ ಪುಡಿಯಿಂದಲೇ ಗಮನವು ನಾಶವಾಗುವುದಾದರೆ ಅದಕ್ಕಿಂತ ದುಃಖಕರವಾದುದುಂಟೇ? ಒಳಗಿರುವ ವಸ್ತುಗಳ ಪಟ್ಟಿಯೂ ತಯಾರಕರ ವಿಳಾಸವೂ ಇಲ್ಲದ ಪೊಟ್ಟಣವನ್ನು, ಯಾರೇ ಕೊಡಲಿ, ಮಗುವಿನ ಬಾಯಿಗೆ ಹಾಕಬಾರದು. ಚಂಚಲತೆಗೆಂದು ಬರೆ ಎಳೆಯಿಸುವುದಂತೂ ಮದ್ದಲ್ಲ, ಹಿಂಸೆ.

ಮೂರನೆಯದು ಪಥ್ಯ. ಬೆಲ್ಲಸಕ್ಕರೆಯಿಂದ ಮಕ್ಕಳು ಕುಣಿದಾಡುತ್ತಾರೆಂಬ ನಂಬಿಕೆಯು ಎಲ್ಲೆಲ್ಲಿಯೂ ಉಂಟು. 1995ರಲ್ಲಿ ಈ ಕುರಿತ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದವರಿಗೆ ಸಕ್ಕರೆಯಿಂದ ನಡತೆ ಕೆಡುವುದೆಂಬುದಕ್ಕೆ ಆಧಾರ ಸಿಗಲಿಲ್ಲ. ಅದಕ್ಕೆ ಹಿಂದಿನ ವರ್ಷ ನಡೆದ ಪರೀಕ್ಷೆಯೊಂದು ಬಹಳ ಬೋಧಪ್ರದವಾದುದು. ಮಕ್ಕಳಿಗೆಲ್ಲ ಸಕ್ಕರೆಯಿಲ್ಲದ ಪಾನಕವನ್ನೇ ಕೊಟ್ಟು, ಕೆಲವು ತಾಯಂದಿರಿಗೆ ಮಾತ್ರ “ನಿಮ್ಮ ಮಗುವಿಗೆ ಬಹಳ ಸಕ್ಕರೆ ಕೊಟ್ಟಿದ್ದೇವೆ” ಎಂದು ಹೇಳಿದರು. ಹಾಗೆ ಕೇಳಿದ ತಾಯಂದಿರೇ ತಮ್ಮ ಮಕ್ಕಳು ಹೆಚ್ಚು ಚೇಷ್ಟೆ ಮಾಡಿದರೆಂದು ವರದಿಮಾಡಿದರು! ನಂಬಿಕೆಯು ನಮ್ಮ ಕಣ್ಣನ್ನೇ ಬದಲಾಯಿಸುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಮದ್ದು ಕೊಟ್ಟ ವಾರದಲ್ಲಿಯೇ ಗುಣ ಕಂಡಿತೆಂದು ಹೇಳುವವರೂ ಇದನ್ನು ನೆನೆಯಬೇಕು. ಹಲ್ಲಿಗೂ ದೇಹಕ್ಕೂ ಕೇಡೆಂದು ಸಿಹಿಯನ್ನು ಮಿತಿಗೊಳಿಸುವುದು ಸರಿ. ಹಬ್ಬದ ದಿನ ಒಬ್ಬಳೇ ಹುಡುಗಿಯ ಎಲೆಗೆ ಒಬ್ಬಟ್ಟನ್ನು ಬಡಿಸದಿರುವುದು ಸರಿಯಲ್ಲ.

ಕೃತಕ ಬಣ್ಣಗಳ ಮಾತು ಸ್ವಲ್ಪ ಬೇರೆ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನಡೆದ ಪರೀಕ್ಷೆಯಲ್ಲಿ ಕೆಲವು ಬಣ್ಣಗಳೂ ಕೆಡದಂತೆ ಬೆರೆಸುವ ವಸ್ತುವೂ ಸೇರಿದ ಪಾನೀಯದಿಂದ ಸಾಮಾನ್ಯ ಮಕ್ಕಳಲ್ಲಿಯೂ ಚಂಚಲತೆ ತುಸು ಹೆಚ್ಚಿತು. 2010ರಿಂದ ಯೂರೋಪಿನ ಒಕ್ಕೂಟದಲ್ಲಿ ಅಂತಹ ಬಣ್ಣಗಳಿರುವ ತಿನಿಸಿನ ಮೇಲೆ ಎಚ್ಚರಿಕೆಯ ಮಾತನ್ನು ಅಚ್ಚುಹಾಕಬೇಕಾಯಿತು. ನಮ್ಮ ಕರ್ನಾಟಕ ಸರ್ಕಾರವು 2024ರ ಮಾರ್ಚಿಯಲ್ಲಿ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿದ್ದು ಬೇರೆ ಅಪಾಯಗಳ ದೃಷ್ಟಿಯಿಂದ. ಆದರೂ ಜಾತ್ರೆಯ ಕೆಂಪು ಹಳದಿ ತಿನಿಸುಗಳನ್ನು ಬಿಟ್ಟುದರಿಂದ ಯಾರಿಗೂ ನಷ್ಟವಿಲ್ಲ. ಬಣ್ಣ ಬಿಟ್ಟಮಾತ್ರಕ್ಕೆ ಈ ತೊಂದರೆ ವಾಸಿಯಾಗುವುದೆಂದು ಮಾತ್ರ ತಿಳಿಯಬಾರದು.

ಮೀನೆಣ್ಣೆಯ ಗುಳಿಗೆಯಿಂದ ಅಲ್ಪವಾದ ಪ್ರಯೋಜನವುಂಟೆಂದು ಕೆಲವು ಪರೀಕ್ಷೆಗಳು ಹೇಳುತ್ತವೆ. ಆದರೆ ಅದು ವೈದ್ಯರ ಔಷಧಿಗಿಂತ ಎಷ್ಟೋ ಕಡಿಮೆ. ಕಬ್ಬಿಣದ ಅಂಶದ ವಿಷಯ ಇದಕ್ಕಿಂತ ಮುಖ್ಯವಾದುದು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿತು. ರಕ್ತಹೀನತೆಯುಳ್ಳ ಹುಡುಗಿಯು ಆಯಾಸಪಡುತ್ತಾಳೆ, ತೂಕಡಿಸುತ್ತಾಳೆ, ಹೇಳಿದುದನ್ನು ಮರೆಯುತ್ತಾಳೆ. ಆಕೆಗೆ ಬೇಕಾದುದು ರಕ್ತಪರೀಕ್ಷೆ, ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮದ್ದು. ಅದರೊಡನೆ ರಾಗಿಮುದ್ದೆ, ಸೊಪ್ಪಿನ ಸಾರು, ಬೇಳೆಕಾಳು, ಮೇಲೊಂದು ಹೋಳು ನಿಂಬೆಹುಳಿ. ಊಟದೊಡನೆಯೇ ಟೀ ಕುಡಿಯುವ ಅಭ್ಯಾಸವನ್ನು ಬಿಡಬೇಕು. ಅದು ಕಬ್ಬಿಣಾಂಶವು ಮೈಗೆ ಹತ್ತದಂತೆ ಮಾಡುತ್ತದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ಹುಡುಗಿಯರು ಕಿಟಕಿಯಿಂದಾಚೆ ಎಸೆಯುವುದುಂಟೆಂದು ಹಳೆಯ ವಿದ್ಯಾರ್ಥಿನಿಯರಿಗೆ ನಾನು ತಿಳಿಸಬೇಕಾಗಿಲ್ಲ!

ಕೊನೆಯದಾಗಿ, ಬೆಲೆಯಿಲ್ಲದ ಮದ್ದೊಂದನ್ನು ಹೇಳುತ್ತೇನೆ. 2009ರಲ್ಲಿ ಅಮೆರಿಕದ ಇಲಿನಾಯ್ ಪ್ರಾಂತದ ಇಬ್ಬರು ಸಂಶೋಧಕರು ಈ ತೊಂದರೆಯುಳ್ಳ 17 ಮಕ್ಕಳನ್ನು ಇಪ್ಪತ್ತು ಇಪ್ಪತ್ತು ನಿಮಿಷ ನಡೆದಾಡಿಸಿ ನೋಡಿದರು. ಪೇಟೆಯ ಬೀದಿಯಲ್ಲಿ ನಡೆದಾಗಿಗಿಂತ ಮರಗಳ ನಡುವೆ ನಡೆದು ಬಂದಾಗ ಮಕ್ಕಳ ಗಮನ ಹೆಚ್ಚಾಗಿತ್ತು. ಪರೀಕ್ಷೆಯು ಚಿಕ್ಕದು, ಅದರ ಮೇಲೆ ದೊಡ್ಡ ಮಾತನ್ನು ಕಟ್ಟಲಾಗದು. ಆದರೂ ಈ ಮದ್ದಿನಿಂದ ಹಾನಿಯಿಲ್ಲ, ಖರ್ಚೂ ಇಲ್ಲ. ಶಿಂಷೆಯೂ ಜಯಮಂಗಲಿಯೂ ಹುಟ್ಟುವ ಬೆಟ್ಟವನ್ನು ಮಗ್ಗುಲಲ್ಲಿಟ್ಟುಕೊಂಡ ನಾವು, ಮಕ್ಕಳನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಮನೆಪಾಠಕ್ಕೆ ಕೂಡಿಹಾಕುವುದು ಯಾವ ನ್ಯಾಯ? ನಾಮದ ಚಿಲುಮೆಯ ಮರಗಳ ನೆರಳಿನಲ್ಲಿ ಒಂದು ಭಾನುವಾರ ನಡೆಸಿರಿ. ದಿನವೂ ಸಂಜೆ ಒಂದು ಗಂಟೆ ಬಯಲಿನಲ್ಲಿ ಆಡಗೊಡಿಸಿರಿ. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿಸಿರಿ. ಮಲಗುವ ಕೋಣೆಗೆ ಮೊಬೈಲನ್ನು ಬಿಡಬೇಡಿರಿ. ಭಾನುವಾರದ ಎಣ್ಣೆನೀರೂ ಹೀಗೆಯೇ: ಅದರಿಂದ ಈ ತೊಂದರೆ ಹೋಗುವುದಿಲ್ಲ, ಆದರೆ ಮಗುವಿಗೆ ಒಳ್ಳೆಯ ನಿದ್ರೆಯೂ ತಾಯಿಯ ಕೈಯ ಸ್ಪರ್ಶವೂ ದೊರೆಯುತ್ತವೆ.

ಇಷ್ಟು ಹೇಳಿದ ಮೇಲೆ ಡಾಕ್ಟರ ಮಾತ್ರೆಯ ವಿಷಯವನ್ನು ಬಿಡಲಾಗದು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು ಉತ್ತೇಜಕ ಔಷಧವೊಂದರಿಂದ ಚಂಚಲ ಮಕ್ಕಳು ಶಾಂತರಾಗಿ ಪಾಠದಲ್ಲಿ ತೊಡಗಿದುದನ್ನು ಕಂಡು ಪ್ರಕಟಿಸಿದನು. 1944ರಲ್ಲಿ ತಯಾರಾದ ಮೀಥೈಲ್‌ಫೆನಿಡೇಟ್ ಎಂಬ ಔಷಧವು ಇಂದಿಗೂ ಬಳಕೆಯಲ್ಲಿದೆ. 1999ರಲ್ಲಿ ಅಮೆರಿಕದಲ್ಲಿ 579 ಮಕ್ಕಳನ್ನು 14 ತಿಂಗಳು ಪರೀಕ್ಷಿಸಿದಾಗ, ಮುಖ್ಯ ಲಕ್ಷಣಗಳನ್ನು ತಗ್ಗಿಸುವುದರಲ್ಲಿ ಎಚ್ಚರಿಕೆಯಿಂದ ಕೊಟ್ಟ ಔಷಧವು ನಡತೆಯ ತರಬೇತಿಗಿಂತ ಮೇಲಾಗಿ ಕಂಡಿತು. ಎರಡನ್ನೂ ಕೂಡಿಸಿದಾಗ ಕಡಿಮೆ ಮಾತ್ರೆ ಸಾಕಾಯಿತು, ಮನೆಯವರೊಡನೆ ಮಗುವಿನ ಹೊಂದಿಕೆಯೂ ಹೆಚ್ಚಿತು. ಮುಂದಿನ ವರ್ಷಗಳಲ್ಲಿ ಗುಂಪುಗಳ ನಡುವಿನ ಅಂತರ ಕರಗುತ್ತ ಬಂದಿತೆಂಬುದನ್ನೂ ಮರೆಮಾಚದೆ ಹೇಳಬೇಕು. ಔಷಧದಿಂದ ಹಸಿವು ತಗ್ಗಬಹುದು, ನಿದ್ರೆ ಕೆಡಬಹುದು. ಆದುದರಿಂದಲೇ ಮಗುವಿನ ತೂಕ, ಎತ್ತರ, ರಕ್ತದ ಒತ್ತಡಗಳನ್ನು ವೈದ್ಯರು ಆಗಾಗ್ಗೆ ನೋಡುತ್ತಾರೆ. ಅದು ಕಣ್ಣಿಗೆ ಕನ್ನಡಕವಿದ್ದಂತೆ. ಹಾಕಿಕೊಂಡಾಗ ಕಾಣುತ್ತದೆ, ಕಣ್ಣನ್ನೇ ಮಾರ್ಪಡಿಸುವುದಿಲ್ಲ. ಎಲ್ಲ ಮಕ್ಕಳಿಗೂ ಅದು ಬೇಕಿಲ್ಲ. ಬೇಕಾದ ಮಗುವಿಗೆ ಭಯದಿಂದ ತಪ್ಪಿಸಲೂ ಬಾರದು.

ನನ್ನ ಮಾತಿನ ಭಾರವು ತಿಳಿಯಲೆಂದು ಒಬ್ಬ ಹುಡುಗಿಯ ವಿಷಯವನ್ನು ಹೇಳುತ್ತೇನೆ. ಆಕೆ ಎಂಟನೆಯ ತರಗತಿಗೆ ನಮ್ಮಲ್ಲಿ ಸೇರಿದಳು. ಮಾತಿನಲ್ಲಿ ಚುರುಕು, ಬರವಣಿಗೆಯಲ್ಲಿ ಒಂದು ಪುಟವೂ ಪೂರ್ತಿಯಿಲ್ಲ. ಆಕೆಯ ತಾಯಿಯು ಒಂದು ವರ್ಷದಿಂದ ಯಾರೋ ಹೇಳಿದ ಪುಡಿಗೆ ತಿಂಗಳು ತಿಂಗಳೂ ಹಣ ತೆತ್ತಿದ್ದಳು. ಅದಕ್ಕಾಗಿ ಒಂದು ಕುರಿಯನ್ನೂ ಮಾರಿದ್ದಳು. ಪುಡಿಯಿಂದ ಗುಣವಾಗದಿದ್ದಾಗ ಮನೆಯವರು ತಪ್ಪನ್ನು ಪುಡಿಯ ಮೇಲೆ ಹೊರಿಸದೆ ಹುಡುಗಿಯ ಮೇಲೆ ಹೊರಿಸಿದರು. “ಇವಳ ತಲೆಗೆ ವಿದ್ಯೆ ಹತ್ತುವುದಿಲ್ಲ, ಒಂಬತ್ತಕ್ಕೆ ಬಿಡಿಸಿ ಗಾರ್ಮೆಂಟಿಗೆ ಕಳುಹಿಸುತ್ತೇವೆ” ಎಂದು ತಂದೆಯು ನನ್ನ ಎದುರಿಗೇ ಹೇಳಿದನು. ಹುಡುಗಿ ಅಲ್ಲಿಯೇ ನಿಂತು ಕೇಳುತ್ತಿದ್ದಳು. ನಾನು ಅವರಿಂದ ಮೂರು ತಿಂಗಳ ಅವಕಾಶವನ್ನು ಬೇಡಿ ಪಡೆದು, ಉಪಾಧ್ಯಾಯಿನಿಯರಿಂದ ಆಕೆಯ ನಡತೆಯ ಟಿಪ್ಪಣಿಯನ್ನು ಬರೆಯಿಸಿ, ವೈದ್ಯರಲ್ಲಿಗೆ ಕಳುಹಿಸಿದೆನು. ರಕ್ತಹೀನತೆಯೂ ಇತ್ತು, ಅದು ಸರಿಯಾದ ಮೇಲೂ ಉಳಿದುದು ಗಮನದ ಕೊರತೆಯೇ ಎಂದು ವೈದ್ಯರು ನಿರ್ಣಯಿಸಿ ಚಿಕಿತ್ಸೆಯನ್ನು ಆರಂಭಿಸಿದರು. ಶಾಲೆಯಲ್ಲಿ ಆಕೆಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದೆವು. ಒಂದು ಸಲಕ್ಕೆ ಒಂದೇ ಕೆಲಸವನ್ನು ಹೇಳಿದೆವು. ದೊಡ್ಡ ಪಾಠವನ್ನು ಮೂರು ತುಂಡುಮಾಡಿದೆವು. ನಡುವೆ ಎದ್ದು ಸೀಮೆಸುಣ್ಣ ತರುವ, ಹಾಜರಿ ಪುಸ್ತಕ ಒಯ್ಯುವ ಕೆಲಸವನ್ನು ಆಕೆಗೆ ವಹಿಸಿದೆವು. ಆಕೆ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದಳೆಂದು ಬರೆಯುವಂತಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಹಾಗಾಗಲಿಲ್ಲ, ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತವನ್ನು ಎರಡನೆಯ ಸಲ ಬರೆದು ತೇರ್ಗಡೆಯಾದಳು. ಆದರೆ ಶಾಲೆಯನ್ನು ಬಿಡಲಿಲ್ಲ. ತನ್ನ ತಲೆಗೆ ವಿದ್ಯೆ ಹತ್ತುವುದಿಲ್ಲವೆಂಬ ಮಾತನ್ನು ಆಕೆ ಈಗ ನಂಬುವುದಿಲ್ಲ. ನನಗೆ ಅದು ದೊಡ್ಡ ಫಲವಾಗಿ ತೋರುತ್ತದೆ.

ಪುಡಿಯಿಂದಾದ ನಷ್ಟವು ಒಂದು ಕುರಿಯ ಬೆಲೆ ಮಾತ್ರವಲ್ಲವೆಂಬುದನ್ನು ತಾವು ಗಮನಿಸಿರಬಹುದು. ಹದಿಮೂರು ವಯಸ್ಸಿನ ಒಂದು ವರ್ಷ ಹೋದರೆ ಮರಳಿ ಬಾರದು. ಹೆಣ್ಣುಮಗುವಿಗಂತೂ ಆ ವರ್ಷದ ಕೊನೆಗೆ ಶಾಲೆಯ ಬಾಗಿಲೇ ಮುಚ್ಚಿಹೋಗಬಹುದು.

ತಾಯಿತಂದೆಗಳು ಅನುಸರಿಸಬಹುದಾದ ಕ್ರಮವನ್ನು ಸಂಗ್ರಹವಾಗಿ ಹೇಳುತ್ತೇನೆ. ಮೊದಲು ಕಣ್ಣು, ಕಿವಿ, ರಕ್ತ, ನಿದ್ರೆ ಇವುಗಳನ್ನು ಪರೀಕ್ಷೆ ಮಾಡಿಸಿರಿ. ಮಾತಿನ ನಡುವೆ ಕೆಲವು ಕ್ಷಣ ಕಣ್ಣು ನಿಂತು, ಮತ್ತೆ ಏನೂ ಆಗದಂತೆ ಎಚ್ಚರಗೊಳ್ಳುವ ಮಗುವಿಗೆ ಒಂದು ಬಗೆಯ ಮೂರ್ಛೆರೋಗವಿರಬಹುದು. ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಮನೆಯಲ್ಲಿ ಕಲಹವಿದ್ದರೆ, ಸಾವುನೋವಾಗಿದ್ದರೆ ಅದನ್ನೂ ಮುಚ್ಚಬೇಡಿರಿ. ಮನೆಯ ಮದ್ದನ್ನು ಕೊಡಲೇಬೇಕೆಂದಿದ್ದರೆ ಒಂದು ಸಲಕ್ಕೆ ಒಂದನ್ನೇ ಕೊಡಿರಿ. ಯಾವ ದಿನ ಆರಂಭಿಸಿದಿರೆಂದು ಪುಸ್ತಕದಲ್ಲಿ ಬರೆದಿಡಿರಿ. ಉಪಾಧ್ಯಾಯಿನಿಗೆ ಅದನ್ನು ತಿಳಿಸದೆಯೇ ಮಗುವಿನ ನಡತೆ ಹೇಗಿದೆಯೆಂದು ಕೇಳಿರಿ. ನಿಮ್ಮ ಆಸೆಯ ಕಣ್ಣಿಗಿಂತ ಆಕೆಯ ಕಣ್ಣು ಆಗ ಹೆಚ್ಚು ನಿಷ್ಪಕ್ಷಪಾತವಾಗಿರುತ್ತದೆ. ವೈದ್ಯರಿಗೆ ಮಾತ್ರ ಎಲ್ಲವನ್ನೂ ಹೇಳಿರಿ. ಅವರು ಕೊಟ್ಟ ಔಷಧವನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿರಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ವಿಭಾಗವುಂಟು. 2022ರ ಅಕ್ಟೋಬರಿನಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಖರ್ಚಿಲ್ಲದೆ ಫೋನ್ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಮನೋವೈದ್ಯರಲ್ಲಿಗೆ ಹೋದರೆ ಹುಚ್ಚಿಯೆನ್ನುತ್ತಾರೆ, ಮುಂದೆ ಮದುವೆ ಕಷ್ಟವಾಗುವುದೆಂದು ಅಂಜುವವರಿಗೆ ನಾನು ಹೇಳುವುದಿಷ್ಟೆ: ಕನ್ನಡಕ ಹಾಕಿದ ಹುಡುಗಿಯನ್ನು ಕುರುಡಿಯೆಂದು ಇಂದು ಯಾರೂ ಕರೆಯುವುದಿಲ್ಲ.

ಪ್ರಿಯರಾದ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರಾಗಿದ್ದೀರಿ, ಕೆಲವರು ಉಪಾಧ್ಯಾಯಿನಿಯರೂ ದಾದಿಯರೂ ಅಂಗನವಾಡಿಯ ಕಾರ್ಯಕರ್ತೆಯರೂ ಆಗಿದ್ದೀರಿ. ನಿಮ್ಮ ನೆರೆಯಲ್ಲಿ ಯಾರಾದರೂ ಮಗುವನ್ನು ಮಂಕೆಂದು ಬೈಯುವುದನ್ನು ಕೇಳಿದರೆ, ಈ ಸಂಚಿಕೆಯ ನಾಲ್ಕು ಪುಟಗಳನ್ನು ಅವರಿಗೆ ಓದಿ ಹೇಳಿರಿ. ಓದಿ ಹೇಳಿದ ಮೇಲೆ ಆ ಮಗುವನ್ನು ಹತ್ತಿರ ಕರೆದು, ಆಕೆಗೆ ಇಷ್ಟವಾದ ಕೆಲಸ ಯಾವುದೆಂದು ಕೇಳಿರಿ. ಮನಸ್ಸು ನಿಲ್ಲದ ಮಗುವಿಗೂ ಮನಸ್ಸು ನಿಲ್ಲುವ ತಾಣವೊಂದು ಎಲ್ಲಿಯಾದರೂ ಇದ್ದೇ ಇರುತ್ತದೆ. ಅದನ್ನು ಹುಡುಕಿಕೊಡುವ ಕೆಲಸವು ಮಾತ್ರೆಯಿಂದಲೂ ಆಗದು, ಮೂಲಿಕೆಯಿಂದಲೂ ಆಗದು. ಅದು ನಮ್ಮಿಂದಲೇ ಆಗತಕ್ಕದ್ದು.

ಇಂತು ತಮ್ಮ ಹಿತಚಿಂತಕಳು,
ಮುಖ್ಯೋಪಾಧ್ಯಾಯಿನಿ